ಐವತ್ತನಾಲ್ಕು ಮೆಟ್ಟಿಲು

ಅವಳನ್ನು ಇಡೀ ಕಟ್ಟಡ ಜಿಪ್ಪಕ್ಕ ಅಂತಲೇ ಕರೆಯುತ್ತಿತ್ತು. ಚೀಲದ್ದೋ ಪ್ಯಾಂಟಿನದೋ ಜಿಪ್ಪು ಕೆಟ್ಟರೆ ಮೂರನೇ ಮಹಡಿ ಹತ್ತಿ ಅವಳ ಕೈಗೆ ಕೊಟ್ಟರೆ ಸಾಕು, ಮರುದಿನ ಸರಾಗವಾಗಿ ಓಡುತ್ತಿತ್ತು. ನಿಜವಾದ ಹೆಸರು ಹಿಡಿದು ಯಾರಾದರೂ ಕೂಗಿದರೆ ನಾನೇ ತಿರುಗಿ ನೋಡಲಿಕ್ಕಿಲ್ಲ ಎಂದು ಅವಳು ನಗುತ್ತಿದ್ದಳು. ನಗುತ್ತಿದ್ದಳು ಅನ್ನುವುದು ಗಂಡ ಹಾಸಿಗೆ ಹಿಡಿಯುವ ಮುಂಚಿನ ಮಾತು.

ಗಂಡ ಇಪ್ಪತ್ತಾರು ವರ್ಷ ಬಸ್ಸು ಓಡಿಸಿದವನು. ಒಂದು ಬೆಳಿಗ್ಗೆ ಡ್ಯೂಟಿಗೆ ಹೊರಡಲು ಶೂ ಕಟ್ಟಿಕೊಳ್ಳುತ್ತಿದ್ದವನು ಹಾಗೇ ಪಕ್ಕಕ್ಕೆ ವಾಲಿಬಿಟ್ಟ. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ, ಬಲಗಾಲು ಅವನ ಮಾತು ಕೇಳುತ್ತಿರಲಿಲ್ಲ. ಬಾಯಿಂದ ಸ್ಪಷ್ಟವಾಗಿ ಬರುತ್ತಿದ್ದದ್ದು ‘ಬೇಡ’ ಅನ್ನುವ ಒಂದೇ ಮಾತು. ನೀರು ಬೇಕಾದರೂ ಬೇಡ, ಫ್ಯಾನು ಹಾಕಬೇಕಾದರೂ ಬೇಡ. ಯಾವ ಬೇಡಕ್ಕೆ ಏನರ್ಥ ಎಂದು ಅವಳು ಮುಖ ನೋಡಿ ತಿಳಿದುಕೊಳ್ಳಬೇಕಿತ್ತು.

ವಾರಕ್ಕೆ ಮೂರು ದಿನ ವ್ಯಾಯಾಮಕ್ಕೆ ಕರೆತನ್ನಿ, ಮೊದಲ ಆರು ತಿಂಗಳು ತಪ್ಪಿಸಬೇಡಿ ಎಂದಿದ್ದರು ಡಾಕ್ಟರು. ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ಮನೆ ಬಾಗಿಲಿನಿಂದ ಬೀದಿಗೆ ಐವತ್ತನಾಲ್ಕು ಮೆಟ್ಟಿಲು. ಎದುರು ಸಿಕ್ಕವರೆಲ್ಲ “ಏನಾದ್ರೂ ಬೇಕಾದ್ರೆ ಹೇಳಿ ಜಿಪ್ಪಕ್ಕ” ಅನ್ನುತ್ತಿದ್ದರು. ಅವಳು “ಹೂಂ, ಹೇಳ್ತೀನಿ” ಅನ್ನುತ್ತಿದ್ದಳು. ಹೇಳುತ್ತಿರಲಿಲ್ಲ.

ಅದಕ್ಕೂ ಕಾರಣವಿತ್ತು. ಅವಳು ಬೆಳೆದದ್ದು ದೊಡ್ಡಮ್ಮನ ಮನೆಯಲ್ಲಿ. ಅಲ್ಲಿ ಕೊಟ್ಟ ಒಂದೊಂದು ಫ್ರಾಕನ್ನೂ ಹತ್ತು ಜನರ ಮುಂದೆ ಎತ್ತಿ ಆಡುತ್ತಿದ್ದರು. ಅವಳು ಹೊಲಿಗೆ ಕಲಿತದ್ದೇ ಇನ್ನೊಬ್ಬರು ಕೊಟ್ಟದ್ದನ್ನು ತೊಡುವುದು ತಪ್ಪಲಿ ಅಂತ.

ಹಾಗಾಗಿ ಅವನ ಬಲತೋಳನ್ನು ತನ್ನ ಹೆಗಲ ಮೇಲೆ ಹಾಕಿಕೊಂಡು, ಎಡಗೈಗೆ ಕಂಬಿ ಹಿಡಿಸಿ, ತಾನೇ ಇಳಿಸುತ್ತಿದ್ದಳು. ಇಳಿಯಲು ಅರ್ಧ ಗಂಟೆ, ಹತ್ತಲು ಮುಕ್ಕಾಲು ಗಂಟೆ. ಆಮೇಲೆ ಹೊಲಿಗೆ ಮೆಷಿನ್ನಿನ ಮುಂದೆ ಕೂತರೆ ಸೂಜಿ ಎರಡೆರಡಾಗಿ ಕಾಣುತ್ತಿತ್ತು.

ಐದನೇ ವಾರ, ಮಧ್ಯಾಹ್ನ ವಾಪಸು ಬರುವಾಗ, ಎರಡನೇ ಮಹಡಿಗೆ ಬರುವಷ್ಟರಲ್ಲಿ ಅವನ ಕಾಲು ಮಡಚಿಕೊಂಡಿತು. ಇಬ್ಬರೂ ಮೆಲ್ಲಗೆ ಜಾರಿ ಮೆಟ್ಟಿಲ ಮೇಲೆ ಕೂತುಬಿಟ್ಟರು. ಪೆಟ್ಟೇನೂ ಆಗಲಿಲ್ಲ. ಆದರೆ ಅವನನ್ನು ಎಬ್ಬಿಸಲು ಅವಳಿಂದ ಆಗಲಿಲ್ಲ. ಒಮ್ಮೆ, ಎರಡು ಸಲ, ಮೂರು ಸಲ ಎತ್ತಿ ನೋಡಿದಳು. ಆಮೇಲೆ ಸುಮ್ಮನೆ ಪಕ್ಕದಲ್ಲಿ ಕೂತಳು.

ಎದುರಿಗೇ ನರ್ಸಮ್ಮನ ಬಾಗಿಲು. ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವ ಹೆಂಗಸು. ಎರಡು ವರ್ಷದ ಹಿಂದೆ ಮೆಷಿನ್ ಸದ್ದಿನ ವಿಷಯಕ್ಕೆ ಇಬ್ಬರಿಗೂ ಜಗಳವಾಗಿತ್ತು. “ನಾನು ಹಗಲು ಮಲಗದೇ ಇದ್ರೆ ಅಲ್ಲಿ ರೋಗಿಗಳು ಸಾಯ್ತಾರೆ” ಎಂದಿದ್ದಳು ನರ್ಸಮ್ಮ. “ನಾನು ಹಗಲು ಹೊಲೀದೇ ಇದ್ರೆ ಇಲ್ಲಿ ನಾವು ಸಾಯ್ತೀವಿ” ಎಂದಿದ್ದಳು ಜಿಪ್ಪಕ್ಕ. ಅಂದಿನಿಂದ ಮೆಟ್ಟಿಲಲ್ಲಿ ಸಿಕ್ಕಿದರೆ ಇಬ್ಬರೂ ಗೋಡೆ ನೋಡಿಕೊಂಡು ಹೋಗುತ್ತಿದ್ದರು.

ಗಂಡ ಆ ಬಾಗಿಲನ್ನೇ ನೋಡುತ್ತ “ಬೇಡ” ಅಂದ. ಬಾಗಿಲು ತಟ್ಟು ಅನ್ನುವ ಬೇಡ ಅದು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. “ಸುಮ್ನಿರಿ, ಈಗ ಎದ್ದೇಳೋಣ” ಅಂದಳು. ಎಷ್ಟೋ ಹೊತ್ತಾದ ಮೇಲೆ ಅವನು ದನಿ ಏರಿಸಿ ಮತ್ತೆ ಅದನ್ನೇ ಅಂದ. ಬಾಗಿಲು ತೆರೆಯಿತು. ನರ್ಸಮ್ಮ ಕೆದರಿದ ಕೂದಲಲ್ಲೇ ನಿಂತಿದ್ದಳು.

“ಎಷ್ಟು ಹೊತ್ತಾಯ್ತು ಕೂತು?”

“ಈಗ ತಾನೇ.”

“ಸುಳ್ಳು ಹೇಳ್ಬೇಡಿ. ಮಧ್ಯಾಹ್ನದಿಂದ ನಿಮ್ಮ ಮೆಷಿನ್ ಸದ್ದೇ ಇಲ್ಲ. ಆ ಸದ್ದಿಲ್ದೆ ನಂಗೆ ನಿದ್ದೇನೇ ಬರ್ತಿಲ್ಲ ಈಗ.”

ನರ್ಸಮ್ಮ ಕೆಳಗಿಳಿದು ಬಾಗಿಲುಗಳನ್ನು ತಟ್ಟಿದಳು. ಮೊದಲ ಮಹಡಿಯ ಪೇಂಟರ್ ಬಂದ. ಅವನ ಎದುರು ಮನೆಯ, ಮನೆಪಾಠ ಹೇಳುವ ಲೆಕ್ಕದ ಮೇಷ್ಟ್ರು ಬಂದರು. ಕೆಳಗಿನ ಅಂಗಡಿಯವನು ಶಟರ್ ಅರ್ಧ ಎಳೆದು ಬಂದ. ನರ್ಸಮ್ಮ ತನ್ನ ಮನೆಯ ಕೈ ಇರುವ ಕುರ್ಚಿ ತಂದಳು. ಯಾರು ಎಲ್ಲಿ ಹಿಡಿಯಬೇಕು, ಯಾವ ಕಾಲು ಮೊದಲು ಇಡಬೇಕು, ಎಲ್ಲ ಹೇಳಿ, ಅವನನ್ನು ಕೂರಿಸಿ, ಕುರ್ಚಿಯ ನಾಲ್ಕನೆಯ ಕಾಲನ್ನು ತಾನೇ ಹಿಡಿದಳು. ನಾಲ್ಕು ನಿಮಿಷಕ್ಕೆ ಅವನು ಮನೆಯಲ್ಲಿದ್ದ. ಜಿಪ್ಪಕ್ಕ ಬ್ಯಾಗು ಹಿಡಿದು ಹಿಂದೆ ಹತ್ತಿದಳು.

ಮರುದಿನ ಮೆಟ್ಟಿಲ ಗೋಡೆಗೆ ಒಂದು ಹಾಳೆ ಅಂಟಿತ್ತು. ಸೋಮ, ಬುಧ, ಶುಕ್ರ. ಯಾರು ಇಳಿಸುವುದು, ಯಾರು ಹತ್ತಿಸುವುದು. ನರ್ಸಮ್ಮನ ಅಕ್ಷರ.

ಜಿಪ್ಪಕ್ಕನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಹತ್ತು ಗಂಟೆಗೆ ಬರುವವರಿಗಾಗಿ ಒಂಬತ್ತಕ್ಕೇ ಮನೆ ಗುಡಿಸಿ, ತಲೆ ಬಾಚಿ, ನಗು ಹಚ್ಚಿಕೊಂಡು ನಿಲ್ಲುವುದು ಇನ್ನೊಂದು ದುಡಿಮೆಯಾಯಿತು. ಒಬ್ಬೊಬ್ಬರಿಗೂ ನಾಲ್ಕು ನಾಲ್ಕು ಸಲ ಥ್ಯಾಂಕ್ಸ್ ಹೇಳಿ ಬಾಯಿ ಸೋಲುತ್ತಿತ್ತು. ಕೇಳದಿದ್ದರೂ ಪೇಂಟರನ ಪ್ಯಾಂಟು ಇಸಿದುಕೊಂಡು ಅಂಚು ಹೊಲಿದುಕೊಟ್ಟಳು. “ಅಕ್ಕಾ, ಹಿಂಗೆ ಮಾಡಿದ್ರೆ ನಾನು ದಿನಾ ಒಂದೊಂದು ಪ್ಯಾಂಟು ಹರ್ಕೊಂಡು ಬರ್ಬೇಕಾಗುತ್ತೆ” ಅಂದ ಅವನು.

ಹಾಳೆ ಅಂಟಿಸಿದ ಮೂರನೇ ವಾರದ ಶುಕ್ರವಾರ ಮೇಷ್ಟ್ರೊಬ್ಬರೇ ಬಂದರು. ಅಂಗಡಿಯವನು ಸಾಮಾನು ತರಲು ಹೋಗಿದ್ದ. ನರ್ಸಮ್ಮನ ರಾತ್ರಿ ಪಾಳಿ ಅಂದು ಹಗಲಿಗೂ ಮುಂದುವರಿದಿತ್ತು. ಪೇಂಟರನ ಸುಳಿವಿಲ್ಲ. ಹನ್ನೊಂದಾಯಿತು, ಹನ್ನೆರಡಾಯಿತು. ಗಂಡ ಶೂ ಹಾಕಿಕೊಂಡು ಕಾದು ಕೂತೇ ಇದ್ದ. ಕೊನೆಗೆ ಜಿಪ್ಪಕ್ಕ ಶೂ ಬಿಚ್ಚಿ, ಕೆಳಗಿಳಿದು, ಗೋಡೆಯ ಹಾಳೆ ಕಿತ್ತು ಹಾಕಿದಳು. ನಂಬಿಕೊಂಡು ಕೂತ ನಾನೇ ಪೆದ್ದಿ ಅಂದುಕೊಂಡಳು. ಸಂಜೆ ಪೇಂಟರ್ ಮಣಿಕಟ್ಟಿಗೆ ಪಟ್ಟಿ ಕಟ್ಟಿಸಿಕೊಂಡು ಬಂದ. ಬೆಳಿಗ್ಗೆ ಏಣಿಯಿಂದ ಬಿದ್ದಿದ್ದನಂತೆ. “ಪರವಾಗಿಲ್ಲ ಬಿಡಿ” ಎಂದು ಅವಳು ಬಾಗಿಲು ಹಾಕಿಕೊಂಡಳು.

ಶನಿವಾರ ಬೆಳಿಗ್ಗೆ ನರ್ಸಮ್ಮ ಯೂನಿಫಾರ್ಮಿನಲ್ಲೇ ಮೇಲೆ ಬಂದಳು. ಕೈಯಲ್ಲಿ ಮುದುರಿದ ಹಾಳೆ.

“ಇದ್ಯಾಕೆ ಕಿತ್ರಿ?”

“ನಾನೇ ಇಳಿಸ್ಕೋತೀನಿ. ನಾನಾದ್ರೆ ಒಂದು ದಿನಾನೂ ತಪ್ಪಿಸ್ತಿರ್ಲಿಲ್ಲ.”

“ಹೌದು, ತಪ್ಪಿಸ್ತಿರ್ಲಿಲ್ಲ. ತಪ್ಪಿಸೋ ಹಾಗೇ ಇರ್ಲಿಲ್ಲ ನೀವು. ಜ್ವರ ಬಂದ್ರೂ ಇಲ್ಲ, ಕಾಲು ಉಳುಕಿದ್ರೂ ಇಲ್ಲ. ಪೇಂಟರ್ ಬಿದ್ದ, ಒಂದಿನ ತಪ್ತು. ನೀವು ಬಿದ್ದಿದ್ರೆ? ಅವತ್ತು ಮೆಟ್ಟಿಲ ಮೇಲೆ ಎಷ್ಟು ಹೊತ್ತು ಕೂತಿದ್ರಿ ಅಂತ ನಂಗೆ ಇನ್ನೂ ಹೇಳಿಲ್ಲ ನೀವು.”

ಜಿಪ್ಪಕ್ಕ ಮೆಷಿನ್ ಮೇಲಿನ ಬಟ್ಟೆ ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

“ಎರಡು ಗಂಟೆ,” ಅಂದಳು.

ನರ್ಸಮ್ಮ ಬೈಯುತ್ತಾಳೆ ಅಂದುಕೊಂಡಿದ್ದಳು. ಅವಳು ಬೈಯಲಿಲ್ಲ. ಹಾಳೆಯನ್ನು ಮೊಣಕಾಲ ಮೇಲಿಟ್ಟು ಅಂಗೈಯಿಂದ ನೀವಿ ನೀವಿ ಸರಿಮಾಡಿದಳು. ಪೇಂಟರನ ಹೆಸರು ಹೊಡೆದು, ಮೇಷ್ಟ್ರ ತಮ್ಮನ ಹೆಸರು ಬರೆದಳು. “ಒಂದು ವಾರ ಥ್ಯಾಂಕ್ಸ್ ಹೇಳೋದು ನಿಲ್ಸಿ. ಎಲ್ರಿಗೂ ಸಾಕಾಗಿದೆ” ಎಂದು ಮಲಗಲು ಹೋದಳು.

ಭಾನುವಾರ ಜಿಪ್ಪಕ್ಕನಿಗೆ ಮೈ ಕಾಯತೊಡಗಿತು. ಸೋಮವಾರ ಬೆಳಿಗ್ಗೆ ಬಾಗಿಲ ಚಿಲಕ ತೆಗೆದು, ಹತ್ತು ಗಂಟೆವರೆಗೆ ಸ್ವಲ್ಪ ಅಡ್ಡಾಗೋಣ ಎಂದು ಒಳಗೆ ಮಲಗಿದಳು. ಎಚ್ಚರವಾದಾಗ ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು. ಎದ್ದು ಕೂತಳು. ಅಷ್ಟರಲ್ಲಿ ಹೊರಗಿನ ಕೋಣೆಯಲ್ಲಿ ಕುರ್ಚಿ ನೆಲಕ್ಕೆ ತಾಗಿದ ಸದ್ದು. “ಮೆಲ್ಲಗೆ, ಅವರು ಮಲಗಿದ್ದಾರೆ” ಎಂದು ಮೇಷ್ಟ್ರು ಪಿಸುಗುಟ್ಟಿದರು. “ಇವತ್ತು ಯಾರೂ ಹಿಡೀದೆ ಹನ್ನೊಂದು ಹೆಜ್ಜೆ ಹಾಕಿದ್ರು ಮಾರಾಯ” ಎಂದಿತು ಇನ್ನೊಂದು ದನಿ. ಯಾರೋ ಗಂಡನ ಶೂ ಬಿಚ್ಚುತ್ತಿದ್ದರು. ಯಾರೋ ನೀರು ಕುಡಿಸುತ್ತಿದ್ದರು.

ಎದ್ದು ಹೋಗಿ ಮಾತಾಡಿಸಬೇಕು, ಟೀ ಮಾಡಬೇಕು ಅನ್ನಿಸಿತು. ಕಾಲು ಕೆಳಗಿಟ್ಟಳು. ನೆಲ ತಣ್ಣಗಿತ್ತು. ಕಾಲು ಮತ್ತೆ ಮೇಲೆಳೆದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು. ಮಾತು ಮುಗಿದು ಬಾಗಿಲು ಮುಚ್ಚಿದ್ದು ಅವಳಿಗೆ ಗೊತ್ತಾಗಲಿಲ್ಲ.

ಅವನ ಬಲಗೈ ಕೊನೆಗೂ ಸರಿಹೋಗಲಿಲ್ಲ. ಬಸ್ಸಿನ ಕೆಲಸವೂ ಹೋಯಿತು. ಆದರೆ ಎಂಟು ತಿಂಗಳಿಗೆ, ಕೋಲು ಹಿಡಿದು, ಮಹಡಿಗೊಮ್ಮೆ ನಿಂತು ದಣಿವಾರಿಸಿಕೊಂಡು, ಮೆಟ್ಟಿಲು ಇಳಿಯುವಂತಾದ. ಜಿಪ್ಪಕ್ಕನ ಸೊಂಟನೋವು ಹಾಗೇ ಉಳಿಯಿತು. ಸುಸ್ತು ಈಗಲೂ ಇದೆ. ಸೋಮವಾರ ಮಾತ್ರ, ಕುರ್ಚಿಯ ಅಗತ್ಯವಿಲ್ಲದಿದ್ದರೂ, ಅವಳು ಹತ್ತರಿಂದ ಹನ್ನೆರಡೂವರೆ ತನಕ ಮಲಗುತ್ತಾಳೆ. ಆ ಹೊತ್ತಿನಲ್ಲಿ ಅವನ ಜೊತೆ ಯಾರೋ ಒಬ್ಬರು ಇರುತ್ತಾರೆ. ಯಾರು ಎಂದು ಅವಳು ಕೇಳುವುದನ್ನೂ ಬಿಟ್ಟಿದ್ದಾಳೆ.