ನಾರ್ಮಲ್ ಅಕ್ಕನ ರಕ್ತ

ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಅವಳಿಗೆ ನಾರ್ಮಲ್ ಅಕ್ಕ ಎಂದೇ ಹೆಸರು. ರೋಗಿಯ ರಕ್ತಸ್ರಾವ ತಡೆಯುವ ಪ್ಲೇಟ್ಲೆಟ್‌ಗಳು ಸರಿಯಾಗಿ ಕೆಲಸ ಮಾಡುತ್ತಿವೆಯೇ ಎಂದು ನೋಡುವಾಗ, ಹೋಲಿಸಲು ಆರೋಗ್ಯವಂತರೊಬ್ಬರ ರಕ್ತವೂ ಬೇಕು. ಹದಿನಾರು ವರ್ಷದಿಂದ ಆ ರಕ್ತ ಅವಳದೇ. ನೋವಿನ ಮಾತ್ರೆ ಪ್ಲೇಟ್ಲೆಟ್‌ಗಳನ್ನು ಮಂಕಾಗಿಸುತ್ತದೆಂದು ತಲೆ ಸಿಡಿದರೂ ನುಂಗುತ್ತಿರಲಿಲ್ಲ. ಒದ್ದೆ ಬಟ್ಟೆಯನ್ನು ಹಣೆಗೆ ಕಟ್ಟಿಕೊಂಡು ಮಲಗುತ್ತಿದ್ದಳು. ಮನೆಯಲ್ಲಿ ಅವಳೊಬ್ಬಳೇ. ಏನಾಯಿತೆಂದು ಕೇಳುವವರಿರಲಿಲ್ಲ.

ಅಂದು ಶಸ್ತ್ರಚಿಕಿತ್ಸೆಗೆ ಕಾದಿದ್ದ ಬಸ್ ಚಾಲಕನೊಬ್ಬನ ಪರೀಕ್ಷೆ. ಪ್ಲೇಟ್ಲೆಟ್‌ಗಳು ಒಂದಕ್ಕೊಂದು ಅಂಟಿ ಮುದ್ದೆಯಾದರೆ ಯಂತ್ರದ ಪರದೆಯಲ್ಲಿ ಗೆರೆ ಮೇಲೇರಬೇಕು. ಚಾಲಕನ ಗೆರೆ ಏರಿತು. ಅವಳದು ನೆಲಕಚ್ಚಿ ಮಲಗಿತು.

"ಏನಮ್ಮಾ, ನೋವಿನ ಮಾತ್ರೆ ತಗೊಂಡ್ಯಾ?" ಡಾಕ್ಟರು ಕೇಳಿದರು.

"ಇಲ್ಲ ಸರ್."

"ನಿಂದೇ ಹೀಗಿದ್ರೆ ಅವರದನ್ನ ನಂಬೋದು ಹೇಗೆ?"

ತನಗೇ ರೋಗವೇ? ಕಾರಿಡಾರಿಗೆ ಹೋಗಿ ತಂಗಿಗೆ ಫೋನ್ ಮಾಡಿದಳು. "ಕೆಲಸದಲ್ಲಿದ್ದೀನಿ ಕಣಕ್ಕಾ, ಅರ್ಜೆಂಟಾ?" ಎಂದಳು ತಂಗಿ. "ಅಂಥದ್ದೇನಿಲ್ಲ ಬಿಡು" ಎಂದು ಇಟ್ಟುಬಿಟ್ಟಳು. ಮತ್ಯಾರಿಗೆ ಫೋನ್ ಮಾಡುವುದೆಂದು ಹೊಳೆಯಲಿಲ್ಲ.

ಆಮೇಲೆ, ಟ್ಯೂಬೇ ಬದಲಾಗಿರಬಹುದೇ ಎಂದು ಅನುಮಾನ ಬಂದು, ಬೆಳಗ್ಗೆ ತನ್ನ ರಕ್ತ ತೆಗೆದಿದ್ದ ಹೊಸ ನರ್ಸಮ್ಮನ ಬಳಿ ಹೋದಳು.

"ನನ್ನ ರಕ್ತ ನೀಲಿ ಮುಚ್ಚಳದ ಟ್ಯೂಬಿಗೇ ತೆಗೆದ್ಯಾ?"

ನರ್ಸಮ್ಮನ ಮುಖ ಬಿಳಿಚಿತು. "ತಪ್ಪಾಯ್ತು ಅಕ್ಕಾ. ಮೊದಲು ನೇರಳೆ ಮುಚ್ಚಳದ್ದಕ್ಕೆ ತೆಗೆದುಬಿಟ್ಟೆ. ಆಮೇಲೆ ಅದನ್ನೇ ನೀಲಿಗೆ ಸುರಿದೆ. ನಿಮ್ಮ ಕೈಯೆಲ್ಲ ಸೂಜಿಯ ಗುರುತು, ಇನ್ನೊಂದ್ಸಲ ಚುಚ್ಚೋಕೆ ಮನಸ್ಸಾಗ್ಲಿಲ್ಲ."

ರಕ್ತ ಹೆಪ್ಪುಗಟ್ಟದಂತೆ ಎರಡೂ ಟ್ಯೂಬುಗಳಲ್ಲಿ ಔಷಧಿ ಇರುತ್ತದೆ. ನೀಲಿಯದು ಒಂದಿಷ್ಟು ಕ್ಯಾಲ್ಸಿಯಂ ಉಳಿಸುತ್ತದೆ. ನೇರಳೆಯದು ಪೂರಾ ಕಟ್ಟಿಹಾಕುತ್ತದೆ. ಕ್ಯಾಲ್ಸಿಯಂ ಇಲ್ಲದೆ ಪ್ಲೇಟ್ಲೆಟ್‌ಗಳು ಅಂಟಿಕೊಳ್ಳಲಾರವು. ರಕ್ತಕಣ ಎಣಿಸಲು ನೇರಳೆ ಸರಿ, ಈ ಪರೀಕ್ಷೆಗೆ ಅಲ್ಲ.

ಬೈಯಬೇಕೆಂದೇ ಬಾಯಿ ತೆರೆದವಳು ತನ್ನ ತೋಳನ್ನೊಮ್ಮೆ ನೋಡಿಕೊಂಡಳು. ಆ ಕೈಯನ್ನು ಯಾರಾದರೂ ನೋಡಿ ಎಷ್ಟು ಕಾಲವಾಗಿತ್ತೋ. "ಸುರಿಯೋ ಕೆಲಸ ಇನ್ನೊಂದ್ಸಲ ಮಾಡ್ಬೇಡ. ಚುಚ್ಚು" ಎಂದು ಇನ್ನೊಂದು ತೋಳು ಚಾಚಿದಳು.

ಈ ಸಲ ಗೆರೆ ಏರಿತು. ಡಾಕ್ಟರು ಚಾಲಕನ ವರದಿಗೆ ಸಹಿ ಹಾಕಿದರು.

ಮಧ್ಯಾಹ್ನ ನರ್ಸಮ್ಮ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಳು. "ಅಕ್ಕಾ, ಜೊತೇಲಿ ಊಟ ಮಾಡೋಣ್ವಾ?"

"ನಂದಾಯ್ತಮ್ಮ" ಎಂದಳು ನಾರ್ಮಲ್ ಅಕ್ಕ, ರೂಢಿಯಂತೆ. ಹುಡುಗಿ ತಲೆಯಾಡಿಸಿ ಹೋದಳು. ಆ ಹೆಜ್ಜೆ ಸದ್ದು ಮೆಟ್ಟಿಲಿಳಿದ ಮೇಲೆ, ತೆರೆಯದ ತನ್ನ ಡಬ್ಬಿಯನ್ನು ಚೀಲದಿಂದ ತೆಗೆದು ಯಂತ್ರದ ಪಕ್ಕದ ಸ್ಟೂಲಿನಲ್ಲಿ ಕೂತಳು.