ಹೆಣ್ಣಾಡಿನ ಚರ್ಮ

ತಾಯಿ, ನಿಮ್ಮ ಡೋಲಿಗೆ ನಾನು ಹೆಣ್ಣಾಡಿನ ಚರ್ಮ ಹಾಕಲಿಲ್ಲ. ಹೋತಿನದು ಹಾಕಿದೆ — ಹಾಕಿ, ಹೆಣ್ಣಾಡಿನದೇ ಎಂದು ನಿಮ್ಮ ಮೊಮ್ಮಗಳು ಮಾರ್ಸಿಗೆ ಸುಳ್ಳು ಹೇಳಿದೆ. ಹೋದ ವಾರ ಫೋನಿನಲ್ಲಿ ಚರ್ಮ ಬೇರೆ ಎಂದಷ್ಟೇ ಹೇಳಿದೆ, ಯಾಕೆಂದು ಹೇಳಲಿಲ್ಲ. ಪೂರ್ತಿ ಇಲ್ಲಿ ಬರೆಯುತ್ತೇನೆ. ಮಾರ್ಸಿಗೆ ನಾನೇ ತೆಲುಗಿನಲ್ಲಿ ಓದಿ ಹೇಳುತ್ತೇನೆ, ಅವಳು ನಿಮ್ಮ ಭಾಷೆಯಲ್ಲಿ ನಿಮಗೆ ಹೇಳುತ್ತಾಳೆ.

ಮೂರು ವರ್ಷದ ಹಿಂದೆ, ಹೈದರಾಬಾದಿನಲ್ಲಿ ಓದುತ್ತಿದ್ದ ಮಾರ್ಸಿ ನಿಮ್ಮ ಹರಿದ ಡೋಲನ್ನು ಮಗುವಿನ ಹಾಗೆ ಎತ್ತಿಕೊಂಡು ಆಂಧ್ರದ ಗಡಿಯ ನಮ್ಮೂರು ಕೌತಾಳಂಗೆ ಬಂದಳು. ಡೊಳ್ಳು ಕಟ್ಟುವವನು ನಾನು ಎಂದು ಆದೋನಿಯಲ್ಲಿ ಯಾರೋ ಹೇಳಿದ್ದರಂತೆ. ಕಲಿತ ತೆಲುಗಿನಲ್ಲಿ ಎಲ್ಲ ಬಿಡಿಸಿ ಹೇಳಿದಳು — ನಿಮ್ಮ ಹಿರಿಯರನ್ನು ಆಫ್ರಿಕಾದಿಂದ ಗುಲಾಮರಾಗಿ ಕಟ್ಟಿ ನಿಮ್ಮ ಕೆರಿಬಿಯನ್ ದ್ವೀಪಕ್ಕೆ ಒಯ್ದದ್ದು, ಊರು, ಹೆಸರು ಎಲ್ಲ ಕಸಿದದ್ದು. ಉಳಿದದ್ದು ತಾಳ ಮತ್ತು ಹಾಡು. ನಮ್ಮಲ್ಲಿ ಮನೆತನದ ಬೆಡಗು ಕೇಳಿ ಕುಲ ತಿಳಿಯುವಂತೆ ನಿಮ್ಮಲ್ಲಿ ತಾಳ ಕೇಳಿ ತಿಳಿಯುತ್ತಾರಂತೆ. ಒಟ್ಟಿಗೆ ನುಡಿಸುವ ಮೂರು ಡೋಲಿನಲ್ಲಿ ಅಕ್ಕಪಕ್ಕದ ಎರಡಕ್ಕೆ ಹೋತಿನ ಚರ್ಮ. ನಿಮ್ಮದು ಹಾಡನ್ನು ಎತ್ತಿಕೊಡುವ ನಡುವಿನ ಡೋಲು, ಅದಕ್ಕೆ ಹೆಣ್ಣಾಡಿನದೇ ಆಗಬೇಕು. ಆ ಎತ್ತರದ ದನಿಗೇ ಹಿರಿಯರು ಓಗೊಡುತ್ತಾರೆ ಎಂದಳು.

ಗೋನೆಗಂಡ್ಲದ ಹಟ್ಟಿಯಿಂದ ಚರ್ಮವನ್ನೂ ಅವಳೇ ತಂದುಕೊಟ್ಟು ಹೋದಳು. ಕೂದಲು ಹೆರೆಯುವಾಗ ನನ್ನ ಕತ್ತಿ ಜಾರಿತು. ಗೇಣುದ್ದ ಸೀಳು. ಹೆಂಡತಿ ನೋಡಿಬಿಟ್ಟಳು.

“ಆಕಿಗೆ ಖರೇ ಹೇಳ್ರಿ. ಇನ್ನೊಂದು ತಂದ್ರಾತು.”

ಅಷ್ಟೇ ಇತ್ತು ಕೆಲಸ. ಆದರೆ ಸುತ್ತ ಹತ್ತೂರಲ್ಲಿ ಹೆಸರಾದ ಕೈ ಜಾರಿತು ಅನ್ನುವುದಕ್ಕೆ — ನನ್ನಿಂದಾಗಲಿಲ್ಲ. ಮನೆಯಲ್ಲಿದ್ದ ಹೋತಿನ ಚರ್ಮ ಬಿಗಿದೆ.

ಮಾರ್ಸಿ ಬಂದು ಒಂದೇ ಮಾತು ಕೇಳಿದಳು, ಹೆಣ್ಣಾಡಿನದೇ ತಾನೇ ಎಂದು.

“ಅವುನಮ್ಮಾ, ಹೆಣ್ಣಾಡಿಂದೇ ಐತಿ.”

ಅವಳು ನನ್ನ ಎರಡೂ ಕೈ ಕಣ್ಣಿಗೊತ್ತಿಕೊಂಡಳು. ರಜೆಗೆ ಡೋಲನ್ನು ನಿಮ್ಮೂರಿಗೆ ಒಯ್ದಳು.

ಅಲ್ಲಿಂದ ವಿಡಿಯೋ ಬಂತು. ಹಿರಿಯರಿಗೆ ಎಡೆ ಇಡುವ ದಿನ, ನೀವು ಡೋಲಿನ ಮಟ್ಟಕ್ಕೆ ದನಿ ತಗ್ಗಿಸಿ ಹಾಡುತ್ತಿದ್ದಿರಿ. ಕೊನೆಗೆ ನನಗೆಂದು ಕೈಮುಗಿದಿರಿ. ಅದನ್ನು ನೋಡಿ ನಮ್ಮ ಓಣಿಯವರೆಲ್ಲ ಹೊಗಳಿದರು, ನಾನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡೆ. ಆಮೇಲೆ ಪ್ರತಿ ವರ್ಷವೂ ವಿಡಿಯೋ, ಪ್ರತಿ ವರ್ಷವೂ ಅದೇ ತಗ್ಗಿದ ದನಿ.

ಹೋದ ವಾರ ಒಪ್ಪಿಕೊಂಡೆ. ನಿಮ್ಮ ಉತ್ತರವನ್ನು ಮಾರ್ಸಿ ಮೆಲ್ಲಗೆ ಹೇಳಿದಳು: ಮೊದಲ ಪೆಟ್ಟಿಗೇ ನಿಮಗೆ ಗೊತ್ತಾಗಿತ್ತು. ಬೇರೆಯವರು ಚರ್ಮ ಬದಲಿಸುತ್ತೇವೆಂದರೂ ಬಿಡಲಿಲ್ಲ. ಕಟ್ಟಿದವನೇ ಒಂದು ದಿನ ಹೇಳುತ್ತಾನೆ ಎಂದು ಕಾದಿರಿ.

ಮೂರು ವರ್ಷ, ತಾಯಿ. ನಿಮ್ಮ ಹಿರಿಯರನ್ನು ತಗ್ಗಿದ ದನಿಯಲ್ಲಿ ಕರೆಯುತ್ತಾ, ಮುಖ ನೋಡದ ಒಬ್ಬನಿಗಾಗಿ... ನನ್ನನ್ನು ಇಷ್ಟು ನಂಬಿ ಕಾದವರು ಇನ್ನೊಬ್ಬರಿಲ್ಲ. ಕ್ಷಮೆ ಕೇಳಬೇಕೆಂದು ಕೂತವನಿಗೆ ಕೃತಜ್ಞತೆಯೇ ಮುಂದಾಗಿ ಬರುತ್ತಿದೆ, ಏನು ಮಾಡಲಿ.

ಓದು ಮುಗಿಸಿ ಹೊರಟ ಮಾರ್ಸಿಯ ಕೈಯಲ್ಲಿ ಹೊಸ ಚರ್ಮ ಕಳಿಸುತ್ತಿದ್ದೇನೆ, ದೇವನಕೊಂಡದಲ್ಲಿ ಎರಡು ಸಲ ಈದ ಆಡಿನದು. ಒಂದು ಕಡೆ ಕತ್ತಿ ತಾಗಿದೆ. ಅಲ್ಲಿ ಸುಣ್ಣದ ಗುರುತು ಹಾಕಿದ್ದೇನೆ. ಅಂಚಿನಲ್ಲಿ ಮೊಲೆತೊಟ್ಟಿನ ಗುರುತು ಎರಡನ್ನೂ ಹೆರೆಯದೆ ಉಳಿಸಿದ್ದೇನೆ. ಮುಟ್ಟಿ ನೋಡಿ. ಈ ಸಲ ನೀವು ನನ್ನ ಮಾತು ನಂಬಬೇಕಾಗಿಲ್ಲ.