ಖಾಕಿ ಅಂಗಿಯ ಲಿಬೆರೋ

ನನ್ನ ಎತ್ತರ ಐದು ಅಡಿ ಎರಡು ಇಂಚು. ವಾಲಿಬಾಲ್ ಆಡಿ ಗೊತ್ತಿದ್ದವರಿಗೆ ಇಷ್ಟು ಹೇಳಿದರೆ ಸಾಕು. ನೆಟ್ಟಿನ ಎತ್ತರ ಹತ್ತಿರ ಹತ್ತಿರ ಎಂಟು ಅಡಿ. ಇದ್ದ ಬಲವನ್ನೆಲ್ಲ ಕಾಲಿಗೆ ಹಾಕಿ ಜಿಗಿದರೆ ನನ್ನ ಬೆರಳ ತುದಿ ನೆಟ್ಟಿನ ಮೇಲಿನ ಪಟ್ಟಿಯನ್ನು ಮುಟ್ಟುತ್ತಿತ್ತು, ಅಷ್ಟೇ. ಹೊಡೆಯುವುದು, ತಡೆಯುವುದು ಎಲ್ಲ ಉದ್ದನೆಯವರ ಪಾಲು. ಇಪ್ಪತ್ತನೇ ವಯಸ್ಸಿನಲ್ಲಿ ನಾನು ನಮ್ಮೂರ ಟೀಮಿನಲ್ಲಿ ಇದ್ದೂ ಇಲ್ಲದವನಾಗಿದ್ದೆ. ಯಾರಾದರೂ ಬಿತ್ತನೆಗೋ ಮದುವೆಗೋ ಹೋಗಿ ಆರು ಜನ ತುಂಬದಿದ್ದರೆ ಮಾತ್ರ ನನ್ನನ್ನು ಕರೆಯುತ್ತಿದ್ದರು.

ನಮ್ಮೂರು ನವಲಗುಂದ ತಾಲೂಕಿನ ಕರಿಮಣ್ಣಿನ ಎರಿಭೂಮಿಯ ಊರು. ಶಾಲೆಯ ಹಿಂದಿನ ಜಾಗದಲ್ಲಿ ನಾಲ್ಕು ಟ್ರ್ಯಾಕ್ಟರ್ ಗರಸು, ಅಂದರೆ ಕಲ್ಲುಚೂರಿನ ಮಣ್ಣು, ಹಾಕಿ ಅಂಕಣ ಮಾಡಿಕೊಂಡಿದ್ದೆವು. ಆಗಿನ ನಿಯಮದ ಪ್ರಕಾರ ಸರ್ವ್ ಮಾಡಿದ ಕಡೆಯವರು ಗೆದ್ದರೆ ಮಾತ್ರ ಪಾಯಿಂಟು. ಎದುರಿನವರು ಗೆದ್ದರೆ ಅವರಿಗೆ ಸಿಗುತ್ತಿದ್ದುದು ಸರ್ವ್ ಮಾಡುವ ಸರದಿ, ಪಾಯಿಂಟಲ್ಲ. ಹೀಗಾಗಿ ಸೆಟ್ಟು ಹದಿನೈದಕ್ಕೆ ಮುಟ್ಟುವುದೇ ಒಂದು ದೊಡ್ಡ ಕೆಲಸವಾಗಿತ್ತು. ಹತ್ತು–ಎಂಟಕ್ಕೆ ಬಂದು ನಿಂತ ಆಟದಲ್ಲಿ ಸರ್ವ್ ಮಾತ್ರ ಆ ಕಡೆ ಈ ಕಡೆ ಅಡ್ಡಾಡುತ್ತ, ಕಡೆಗೆ ಚೆಂಡು ಕಾಣದಷ್ಟು ಕತ್ತಲಾಗಿ, ಗೆದ್ದವರು ಯಾರೆಂದು ತಿಳಿಯದೆಯೇ ಎಷ್ಟೋ ಸಲ ಮನೆಗೆ ಹೋಗಿದ್ದೇವೆ.

ಆ ದಿನಗಳಲ್ಲಿ ನಮ್ಮೂರಿಗೆ ಒಂದು ವಸ್ತಿ ಬಸ್ಸಿತ್ತು. ಸಂಜೆ ಐದೂವರೆಗೆ ಬಂದು ಊರಬಾಗಿಲ ಅಗಸಿ ಮುಂದೆ ನಿಂತರೆ ಮತ್ತೆ ಹೊರಡುವುದು ಮರುದಿನ ಮುಂಜಾನೆ. ಅದರ ಕಂಡಕ್ಟರು ನವಲಗುಂದದವರು. ಹರೆಯದಲ್ಲಿ ಡಿಪೋದ ಟೀಮಿನಲ್ಲಿ ಆಡಿದವರು. ಒಂದು ದಿನ ಬ್ಯಾಗು ಹೆಗಲಿಗಿದ್ದಂತೆಯೇ ಅಂಕಣದ ಬದಿಗೆ ಬಂದು ನಿಂತು ನೋಡಿದರು. ಎರಡನೆಯ ದಿನ ಚಪ್ಪಲಿ ಕಳಚಿ ಒಳಗೆ ಬಂದರು. ಮೂರನೆಯ ದಿನದ ಹೊತ್ತಿಗೆ ನಾವೆಲ್ಲ ಅವರನ್ನು ಚಾಚಾ ಅನ್ನತೊಡಗಿದ್ದೆವು.

ಚಾಚಾ ಆಟ ಕಲಿಸಿದರು, ಅದಕ್ಕಿಂತ ಹೆಚ್ಚಾಗಿ ದೇಶದ ಆಟದ ಸುದ್ದಿ ಹೇಳಿದರು. ಎಂಬತ್ತರ ದಶಕದಲ್ಲಿ ನಮ್ಮ ದೇಶದ ಗಂಡುಮಕ್ಕಳ ಟೀಮು ಕೊರಿಯಾದಲ್ಲಿ ನಡೆದ ಏಷ್ಯನ್ ಗೇಮ್ಸಿನಿಂದ ಕಂಚು ತಂದದ್ದನ್ನು ಅವರ ಬಾಯಲ್ಲೇ ಮೊದಲು ಕೇಳಿದ್ದು. ‘ಆಮ್ಯಾಲ ಏನಾತ್ರಿ?’ ಅಂತ ನಾವು ಕೇಳಿದರೆ ಚಾಚಾ ಚೆಂಡು ಎತ್ತಿಕೊಂಡು ಅಂಕಣಕ್ಕೆ ಇಳಿಯುತ್ತಿದ್ದರು. ಆಮೇಲೆ ಹೇಳುವಂಥದ್ದು ಬಹಳ ಆಗಿರಲಿಲ್ಲ.

ಒಂದು ಸಂಜೆ ಬಸ್ಸಿಳಿದವರೇ ಓಡುತ್ತ ಬಂದರು. ಕೈಯಲ್ಲಿ ಮಡಚಿದ ಝೆರಾಕ್ಸ್ ಹಾಳೆಗಳು.

‘ನಿಯಮ ಬದಲಾಗ್ಯಾವ್ರೋ! ಇನ್ನ ಮ್ಯಾಲ ಸರ್ವ್ ಯಾರದರ ಇರಲಿ, ಚೆಂಡು ಗೆದ್ದವರಿಗೆ ಪಾಯಿಂಟು. ಸೆಟ್ಟು ಇಪ್ಪತ್ತೈದಕ್ಕ.’

ಹುಡುಗರು ಗದ್ದಲ ಎಬ್ಬಿಸಿದರು. ಒಬ್ಬ ಅದು ಆಟವೇ ಅಲ್ಲ ಅಂದ, ಇನ್ನೊಬ್ಬ ಹೊತ್ತಿಗೆ ಸರಿಯಾಗಿ ಊಟವಾದರೂ ಆಗುತ್ತದೆ ಅಂದ. ಅವರ ಗದ್ದಲ ಮುಗಿಯುವ ತನಕ ಚಾಚಾ ನನ್ನ ಕಡೆಗೇ ನೋಡುತ್ತ ನಿಂತಿದ್ದರು.

‘ತಮ್ಮಾ, ಇನ್ನೊಂದೈತಿ ಕೇಳು. ಲಿಬೆರೋ ಅಂತ ಹೊಸಾ ಆಟಗಾರ. ಅಂವಾ ಹಿಂದಿನ ಸಾಲಿನಾಗ ಅಷ್ಟ ಆಡೂದು. ಸರ್ವ್ ಮಾಡಂಗಿಲ್ಲ, ಬ್ಲಾಕಿಗೆ ಕೈ ಎತ್ತಂಗಿಲ್ಲ, ನೆಟ್ಟಿನ ಮ್ಯಾಲಿಂದ ಹೊಡಿಯಂಗಿಲ್ಲ. ಬಂದ ಚೆಂಡ ನೆಲಕ್ಕ ಬೀಳದಂಗ ಎತ್ತೂದು, ಅದ ಅವನ ಕೆಲಸ. ಸುತ್ತಿ ಮುಂದಿನ ಸಾಲಿಗೆ ಬಂದಕೂಡ್ಲೇ ಹೊರಗ ಬರಬೇಕು.’

‘ಅದಕ್ಕ ಎತ್ತರ ಬೇಕಾಗೂದಿಲ್ಲೇನ್ರಿ?’

‘ನೆಲಕ್ಕ ಹತ್ರ ಇದ್ದಷ್ಟೂ ಚಲೋ,’ ಅಂದರು.

ನನ್ನ ಎತ್ತರದ ಬಗ್ಗೆ ಯಾರೋ ಒಳ್ಳೆಯ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆ ನಿಯಮ ಬರೆದವರು ಯಾವ ದೇಶದವರೋ, ಯಾವ ಕೋಣೆಯಲ್ಲಿ ಕೂತಿದ್ದರೋ, ಇವತ್ತಿಗೂ ನನಗೆ ಗೊತ್ತಿಲ್ಲ. ನಮ್ಮೂರಿನ ಹೆಸರು ಅವರು ಕೇಳಿರಲಾರರು. ಆದರೆ ಆ ಸಂಜೆ ಅವರು ನನಗೆಂದೇ ಬರೆದಿದ್ದಾರೆ ಅನ್ನಿಸಿತು.

ಮುಂದೆ ಐದಾರು ತಿಂಗಳು ಚಾಚಾ ನನ್ನ ಬೆನ್ನು ಬಿಡಲಿಲ್ಲ. ಅಂಕಣದ ಒಂದು ತುದಿಯಲ್ಲಿ ಅವರು ಕುರ್ಚಿಯ ಮೇಲೆ ನಿಂತು ಚೆಂಡು ಬಡಿಯುವುದು, ಇನ್ನೊಂದು ತುದಿಯಲ್ಲಿ ನಾನು ಬಿದ್ದು ಎತ್ತುವುದು. ಗರಸಿನ ಮೇಲೆ ಜಾರಿ ಮೊಣಕೈ, ಮೊಣಕಾಲು ಎಲ್ಲ ಸುಲಿದವು. ‘ಹೊಲದಾಗ ಇಷ್ಟ ದುಡದಿದ್ರ ನಾಕ್ ಚೀಲ ಕಡ್ಲಿ ಹೆಚ್ಚಿಗಿ ಬರ್ತಿದ್ವು’ ಅಂತ ಅಪ್ಪ ಬೈಯುತ್ತಲೇ ಗಾಯಕ್ಕೆ ಅರಿಷಿಣ ಎಣ್ಣೆ ಕಾಸಿ ಕೊಡುತ್ತಿದ್ದ.

ಮುಂದಿನ ಬೇಸಿಗೆಯಲ್ಲಿ ಅಣ್ಣಿಗೇರಿಯಲ್ಲಿ ಪಂದ್ಯ ನಿಗದಿಯಾಯಿತು. ಹೊಸ ನಿಯಮದ ಆಟ ಅಂತ ಹ್ಯಾಂಡ್‌ಬಿಲ್ಲಿನಲ್ಲೇ ಹಾಕಿದ್ದರು. ಆವತ್ತು ಚಾಚಾಗೆ ಮಧ್ಯಾಹ್ನದ ತನಕ ಡ್ಯೂಟಿ ಇತ್ತು. ಮುಗಿಸಿಕೊಂಡು ಅದೇ ಖಾಕಿ ವೇಷದಲ್ಲಿ ಅಲ್ಲಿಗೆ ಬಂದರು. ಮೂರು ಆಟ ಗೆದ್ದು ಫೈನಲ್ಲಿಗೆ ಬಂದಾಗ ನಮ್ಮೆದುರು ಹುಬ್ಬಳ್ಳಿಯ ಟೀಮು. ಅವರಲ್ಲಿ ಆರಡಿಗಿಂತ ಕಡಿಮೆ ಇದ್ದವನು ಒಬ್ಬನೇ. ಅಲ್ಲಿಯವರೆಗೆ ನನ್ನನ್ನು ಇಳಿಸುವ ಅಗತ್ಯವೇ ಬಿದ್ದಿರಲಿಲ್ಲ. ಮೊದಲ ಸೆಟ್ಟು ಸೋತ ಕೂಡಲೇ ಚಾಚಾ ಅಂಪೈರ್ ಹತ್ತಿರ ಹೋಗಿ, ‘ನಮ್ಮ ಲಿಬೆರೋನ ಇಳಸ್ತೀವ್ರಿ’ ಅಂದರು.

ಅಂಪೈರು ಒಂದು ಹೈಸ್ಕೂಲಿನ ಪಿ.ಟಿ. ಮಾಸ್ತರು. ಪಾಯಿಂಟಿನ ನಿಯಮ ಅವರಿಗೆ ಗೊತ್ತಿತ್ತು, ಇದು ಗೊತ್ತಿರಲಿಲ್ಲ. ಚಾಚಾ ಬ್ಯಾಗಿನಿಂದ ಝೆರಾಕ್ಸ್ ತೆಗೆದುಕೊಟ್ಟರು. ಮಾಸ್ತರು ಬಿಸಿಲಲ್ಲೇ ನಿಂತು ಎರಡು ಸಲ ಓದಿದರು.

‘ಹೌದ್ರಿ, ಬರದಾರ. ಆದ್ರ ಲಿಬೆರೋಗ ಬ್ಯಾರೆ ಬಣ್ಣದ ಅಂಗಿ ಇರಬೇಕಂತನೂ ಬರದಾರಲ್ಲ? ನಿಮ್ಮಾವರೆಲ್ಲಾ ಹಳದಿ ಹಾಕ್ಕೊಂಡಾರ.’

ಚಾಚಾ ಒಂದು ಗಳಿಗೆ ನನ್ನನ್ನು ನೋಡಿದರು. ಎದೆಯ ಮೇಲಿನ ಬಿಲ್ಲೆ ಬಿಚ್ಚಿ ಬ್ಯಾಗಿಗೆ ಹಾಕಿದರು. ಗುಂಡಿ ಬಿಚ್ಚಿ, ಖಾಕಿ ಅಂಗಿ ತೆಗೆದು ನನ್ನ ಕೈಗೆ ಕೊಟ್ಟು, ಅಷ್ಟು ಜನರ ನಡುವೆ ಬನಿಯನ್ ಮೇಲೆ ನಿಂತರು.

ಅಂಗಿ ನನಗೆ ಮೊಣಕಾಲ ಹತ್ತಿರ ಬರುತ್ತಿತ್ತು. ಅಂಚನ್ನು ಚಡ್ಡಿಯೊಳಗೆ ತುರುಕಿಕೊಂಡೆ. ಬೆನ್ನಿಗೆ ನಂಬರು ಬೇಕಲ್ಲ ಅಂದಾಗ ಮಾಸ್ತರೇ ನಕ್ಕು, ಕಿಸೆಯಿಂದ ಸುಣ್ಣದ ಕಡ್ಡಿ ತೆಗೆದು ಏಳು ಅಂತ ಬರೆದರು. ನಾನು ಒಳಗೆ ಕಾಲಿಟ್ಟದ್ದೇ ತಡ, ಜನ ‘ಟಿಕೀಟ್, ಟಿಕೀಟ್!’ ಅಂತ ಕೂಗತೊಡಗಿದರು. ‘ಚಿಲ್ಲರ ಕೊಡೋ ಕಂಡಕ್ಟರಾ!’ ಅಂತ ಒಬ್ಬ ಒದರಿದ. ನಾಚಿಕೆಯಿಂದ ಕಿವಿ ಸುಟ್ಟವು.

ಆಮೇಲೆ ಚೆಂಡು ಬಂತು. ಎತ್ತಿದೆ. ಮತ್ತೆ ಬಂತು, ಮತ್ತೆ ಎತ್ತಿದೆ. ಅವರ ಆರಡಿಯವನು ಪೂರ್ತಿ ಬಲ ಹಾಕಿ ಬಡಿದದ್ದು ನನ್ನ ಮುಂಗೈ ಮೇಲೆ ಬಿದ್ದು ಮೆತ್ತಗೆ, ಹೊಡೆಯುವವನಿಗೆ ಚೆಂಡು ಎತ್ತಿಕೊಡುವ ನಮ್ಮ ಸೆಟ್ಟರ್ ತಲೆಯ ಮೇಲಕ್ಕೆ ಹೋದಾಗ ‘ಟಿಕೀಟ್’ ಅನ್ನುವ ಕೂಗು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು, ಆದರೆ ಈಗ ಅದು ನನ್ನನ್ನು ಹುರಿದುಂಬಿಸುವ ಕೂಗಾಗಿತ್ತು. ಎರಡನೆಯ ಸೆಟ್ಟು ನಮ್ಮದಾಯಿತು.

ಮೂರನೆಯದು ಕಡೆಯ ಸೆಟ್ಟು, ಅದು ಮಾತ್ರ ಹದಿನೈದಕ್ಕೆ. ನಾವು ಹನ್ನೆರಡು, ಅವರು ಹದಿಮೂರು. ಒಂದು ಉದ್ದ ಆಟದಲ್ಲಿ ನಾನು ಮೂರು ಸಲ ಬಿದ್ದು ಎತ್ತಿದೆ, ಕಡೆಗೆ ನಮ್ಮವನು ಹೊಡೆದು ಪಾಯಿಂಟು ತಂದ. ಹದಿಮೂರು–ಹದಿಮೂರು. ಸರ್ವ್ ನಮಗೆ ಬಂದದ್ದರಿಂದ ಎಲ್ಲರೂ ಕುಣಿಯುತ್ತ ಒಂದೊಂದು ಜಾಗ ಮುಂದಕ್ಕೆ ಸುತ್ತಿದರು, ನಾನೂ ಸುತ್ತಿದೆ. ಸುತ್ತಿದವನು ಮುಂದಿನ ಸಾಲಿಗೆ ಬಂದಿದ್ದೆ. ಹೊರಗೆ ಹೋಗಬೇಕಿತ್ತು, ಮರೆತೆ. ಎದುರಿಗೆ ನೆಟ್ಟಿತ್ತು. ಅಷ್ಟು ವರ್ಷ ನಾನು ನಿಲ್ಲಬೇಕು ಅಂತ ಆಸೆಪಟ್ಟ ಜಾಗ ಅದು. ನಮ್ಮವರು ಸರ್ವ್ ಮಾಡಿದರು, ಎದುರಿನವನು ಹೊಡೆಯಲು ಹಾರಿದ, ನಾನು ಎರಡೂ ಕೈ ಎತ್ತಿ ಬ್ಲಾಕಿಗೆ ಜಿಗಿದೆ.

ಮಾಸ್ತರು ಸೀಟಿ ಊದಿದರು.

ಹಳೆಯ ನಿಯಮವಾಗಿದ್ದರೆ ಸರ್ವ್ ಅವರಿಗೆ ಹೋಗುತ್ತಿತ್ತು ಅಷ್ಟೇ. ಹೊಸದರಲ್ಲಿ ಪಾಯಿಂಟೂ ಹೋಯಿತು. ಅದರ ಹಿಂದೆಯೇ ಇನ್ನೊಂದು ಹೋಗಿ ಪಂದ್ಯ ಮುಗಿಯಿತು. ನಾನು ಅಂಕಣದ ಮೂಲೆಯಲ್ಲಿ ಖಾಕಿ ಅಂಗಿಯ ತೋಳಿನಲ್ಲಿ ಮುಖ ಮುಚ್ಚಿಕೊಂಡು ಕೂತೆ. ಅಂಗಿಯ ಎರಡೂ ಮೊಣಕೈ ಹರಿದಿದ್ದವು.

ಚಾಚಾ ಬಂದು ಬಾಜು ಕೂತರು. ‘ಎಷ್ಟ ಎತ್ತರ ಹಾರಿದ್ಯಲೇ!’ ಅಂದರು. ‘ನೆಟ್ಟಿನ ಮ್ಯಾಲ ಬೆರಳ ಕಂಡ್ವು ನಿನ್ನವು. ನಾ ನೋಡೀನಿ.’ ಅದಕ್ಕಿಂತ ಹೆಚ್ಚಿಗೆ ಒಂದು ಮಾತೂ ಇಲ್ಲ, ಆವತ್ತೂ ಇಲ್ಲ, ಮುಂದೆಂದೂ ಇಲ್ಲ. ಅಂಗಿಯನ್ನು ಅವರ ಮನೆಯವರು ತೇಪೆ ಹಾಕಿ ಹೊಲಿದರಂತೆ, ಅದನ್ನೇ ಹಾಕಿಕೊಂಡು ವರ್ಷಗಟ್ಟಲೆ ಟಿಕೀಟು ಹರಿದರು.

ನಾವು ಗಂಟುಮೂಟೆ ಕಟ್ಟುವಾಗ ಅಂಪೈರ್ ಮಾಸ್ತರು ಹುಡುಕಿಕೊಂಡು ಬಂದು, ‘ಪಿಯುಸಿ ಆಗೇತೇನು?’ ಅಂತ ಕೇಳಿದರು. ಆಗಿತ್ತು. ದೈಹಿಕ ಶಿಕ್ಷಣದ ಕೋರ್ಸಿಗೆ ಯಾವಾಗ ಅರ್ಜಿ ಹಾಕಬೇಕು, ಏನೇನು ಕಾಗದ ಬೇಕು ಎಲ್ಲವನ್ನೂ ಆ ಹ್ಯಾಂಡ್‌ಬಿಲ್ಲಿನ ಹಿಂಬದಿಗೇ ಬರೆದುಕೊಟ್ಟರು. ನನ್ನ ಕಾರಣದಿಂದ ಸೋತ ದಿನವೇ ನನ್ನ ಬದುಕಿನ ದಾರಿ ತೆರೆಯಿತು. ಕೋರ್ಸು ಮುಗಿಸಿ, ಕಲಘಟಗಿ ಕಡೆ ಎಂಟು ವರ್ಷ ಮಾಸ್ತರಿಕೆ ಮಾಡಿ, ಈಗ ನವಲಗುಂದದ ಹತ್ತಿರದ ಒಂದು ಹೈಸ್ಕೂಲಿನಲ್ಲಿದ್ದೇನೆ. ಹೆಣ್ಣುಮಕ್ಕಳ ಟೀಮು ಕಟ್ಟಿದ್ದೇನೆ.

ಚಾಚಾ ನಿವೃತ್ತರಾಗಿ ಮನೆಯಲ್ಲಿದ್ದಾರೆ. ಚಾಚಿ ಜಮಖಾನ ನೇಯುತ್ತಾರೆ. ನಡುಮನೆಯಲ್ಲಿ ಗೋಡೆಯ ಹಾಗೆ ನಿಂತ ಮಗ್ಗ. ಚೀನಾದಲ್ಲಿ ಏಷ್ಯನ್ ಗೇಮ್ಸ್ ನಡೆದಾಗ, ನಮ್ಮ ಆಟ ಕೊರಿಯಾದ ಜೊತೆ ಅಂತ ತಿಳಿದು ಶಾಲೆ ಬಿಟ್ಟೊಡನೆ ಅವರ ಮನೆಗೆ ಹೋದೆ. ನನ್ನ ಮೊಬೈಲನ್ನು ಮಗ್ಗದ ಬದಿಯ ಡಬ್ಬಿಗೆ ಆನಿಸಿ ಇಬ್ಬರೂ ಕೂತೆವು.

ಮೊದಲ ಸೆಟ್ಟು ಹೋಯಿತು. ಎರಡನೆಯದು ನಮಗೆ, ಮೂರನೆಯದೂ ನಮಗೆ. ನಾಲ್ಕನೆಯದು ಅವರಿಗೆ. ಐದನೆಯ ಸೆಟ್ಟು ಹದಿನೈದಕ್ಕೂ ಮುಗಿಯಲಿಲ್ಲ, ಎರಡು ಪಾಯಿಂಟಿನ ಅಂತರ ಬೇಕಲ್ಲ. ಚಾಚಾ ನನ್ನ ಮೊಣಕಾಲನ್ನು ಹಿಡಿದ ಹಿಡಿತಕ್ಕೆ ನೋವಾಗುತ್ತಿತ್ತು. ಹದಿನೇಳು–ಹದಿನೈದಕ್ಕೆ ನಮ್ಮ ದೇಶ ಗೆದ್ದಿತು. ಚಾಚಾ ಕನ್ನಡಕ ತೆಗೆದು, ‘ಕೊರಿಯಾದಾವ್ರನ್ನ ಸೋಲಿಸಿದ್ರು, ನೋಡಿದೇನು?’ ಅಂತ ಮೆಲ್ಲಗೆ ಅಂದರು. ಕಣ್ಣು ಒರೆಸಿಕೊಂಡರು. ಮುಂದೆ ನಮ್ಮ ಟೀಮಿನವರು ಜಪಾನಿನ ಎದುರು ಸೋತು, ಪದಕವಿಲ್ಲದೆ ಬಂದರು ಅನ್ನುವುದು ನಿಜ. ಆದರೆ ಅವರು ಆ ಸಂಜೆ ನನ್ನ ಚಾಚಾಗೆ ಏನು ಕೊಟ್ಟರು ಅನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆ ಖುಷಿಯಲ್ಲಿ ನಾನು ಅಂದುಬಿಟ್ಟೆ: ‘ಚಾಚಾ, ಆವಾಗ ನಮ್ಮೂರಿಗೆ ನಿಮ್ಮ ಡ್ಯೂಟಿ ಬೀಳದಿದ್ರ ನಾ ಇವತ್ತ ಏನೂ ಆಗತಿದ್ದಿಲ್ರಿ. ನನ್ನ ನಸೀಬ ಚಲೋ ಇತ್ತು.’

ಮಗ್ಗದ ಹಿಂದಿನಿಂದ ಚಾಚಿಯ ದನಿ ಬಂತು. ‘ನಸೀಬ ಏನ ಬಂತೋ? ಆ ವಸ್ತಿ ಡ್ಯೂಟಿ ಯಾರಿಗೂ ಬ್ಯಾಡಾಗಿತ್ತು. ಇವ್ರು ಹೋಗಿ ಕೇಳಿ ಹಾಕಿಸ್ಕೊತಿದ್ರು. ವರ್ಷಾ ಬದಲಿ ಮಾಡೂ ಹೊತ್ತಿಗೆ ಮತ್ತ ಕೇಳ್ಕೊತಿದ್ರು. ಹುಡುಗೂರು ಕಾಯ್ತಾವ ಅಂತ. ಇಲ್ಲಿ ನಾ ಎರಡ ಸಣ್ಣ ಕೂಸು ಕಟ್ಕೊಂಡು ಒಬ್ಬಾಕಿ. ಅದಕ್ಕ ಎಷ್ಟ ಜಗಳಾ ಆಡೀನಿ, ಕೇಳು ಅವ್ರನ್ನ.’

ಚಾಚಾ ತಲೆ ತಗ್ಗಿಸಿ ಕನ್ನಡಕ ಒರೆಸುತ್ತ ಕೂತರು.

ನಾನು ಎದ್ದು ಮಗ್ಗದ ಆ ಬದಿಗೆ ಹೋದೆ. ಇಷ್ಟು ವರ್ಷ ಆ ಮನೆಯ ಚಹಾ ಕುಡಿದಿದ್ದೇನೆ, ಈ ವಿಷಯ ಗೊತ್ತಿರಲಿಲ್ಲ. ನಮ್ಮ ಕಡೆ ಧನ್ಯವಾದ ಅನ್ನುವುದು ಸ್ಟೇಜಿನ ಮಾತು, ಮನೆಯಲ್ಲಿ ಯಾರೂ ಆಡುವುದಿಲ್ಲ. ಬಗ್ಗಿ ಅವರ ಕಾಲು ಮುಟ್ಟಿದೆ.

‘ಏ, ಏಳು, ಏಳು. ಏನ ಹಚ್ಚಿ ಇದು,’ ಅಂದರು ಚಾಚಿ. ಮತ್ತೆ ಮಗ್ಗಕ್ಕೆ ಕೈ ಹಾಕುತ್ತ, ‘ಇಷ್ಟ ಮಂದಿ ಹುಚ್ಚ ಹಿಡಿಸ್ಕೊಂಡಿರಲ್ಲ, ನಾ ಆ ಆಟ ಒಮ್ಮೆನೂ ಕಣ್ಣಿಲೆ ನೋಡಿಲ್ಲ’ ಅಂದರು.

ಮುಂದೆ ತಾಲೂಕು ಮಟ್ಟದ ಹೆಣ್ಣುಮಕ್ಕಳ ಪಂದ್ಯದ ದಿನ ನಾನೇ ಆಟೋ ಮಾಡಿಕೊಂಡು ಹೋಗಿ ಇಬ್ಬರನ್ನೂ ಕರೆತಂದೆ. ಅಂಪೈರಿನ ಬಾಜು ನೆರಳಿಗೆ ಕುರ್ಚಿ ಹಾಕಿಸಿದೆ. ಚಾಚಾ ಪ್ರತಿ ಪಾಯಿಂಟಿಗೂ ಬಗ್ಗಿ ಚಾಚಿಯ ಕಿವಿಯಲ್ಲಿ ನಿಯಮ ಹೇಳುತ್ತಿದ್ದರು. ಎರಡನೆಯ ಸೆಟ್ಟಿನ ನಡುವೆ ನಮ್ಮ ಹುಡುಗಿಯೊಬ್ಬಳು ಹೊರಗೆ ಹೋಗುತ್ತಿದ್ದ ಚೆಂಡನ್ನು ಬಿದ್ದು ಎತ್ತಿದಾಗ, ಚಾಚಿ ಗಂಡನ ಮುಖವನ್ನು ಅಂಗೈಯಿಂದ ಆಚೆ ಸರಿಸಿದರು.

‘ನೀವ್ ಸುಮ್ನಿರ್ರಿ,’ ಅಂದರು. ‘ನನಗ ತಿಳ್ಯಾಕತ್ತೈತಿ.’